ಗಾಲಿಕುರ್ಚಿ, ಗೆಳತಿ, ಕಾಠ್ಮಂಡು: ನನ್ನ ಪ್ರಯಾಣದ ಚಂದಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯವಳು. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಎರಡೂ ಕಾಲಿನ ಶಕ್ತಿ ಹೋಯಿತು. ಮನೆಯಲ್ಲೇ ಕೂತು ಡಿಟಿಪಿ ಕೆಲಸ ಮಾಡುತ್ತೇನೆ. ನಾನು ಲೆಸ್ಬಿಯನ್. ಅಂಗವಿಕಲರ ಸಭೆಗೆ ಹೋಗಿ ಕ್ವಿಯರ್ ಜನರ (ಸಲಿಂಗ ಪ್ರೇಮಿಗಳು, ಟ್ರಾನ್ಸ್ ಜನ ಎಲ್ಲ ಸೇರಿ) ಬಗ್ಗೆ ಮಾತಾಡುತ್ತೇನೆ, ಕ್ವಿಯರ್ ಸಭೆಗೆ ಹೋಗಿ ರ‍್ಯಾಂಪ್ ಎಲ್ಲಿ ಅಂತ ಕೇಳುತ್ತೇನೆ. ಎರಡೂ ಕಡೆ ನನ್ನನ್ನು ಕಂಡರೆ "ಬಂದ್ಲಪ್ಪಾ" ಅನ್ನುವವರಿದ್ದಾರೆ.

ಕಾಠ್ಮಂಡುವಿನಲ್ಲಿ 2025ರ ಫೆಬ್ರುವರಿಯಲ್ಲಿ ನಡೆದ ಒಂದು ಕ್ವಿಯರ್ ಸಮ್ಮೇಳನಕ್ಕೆ ಹೋಗಲು ಜನರಿಂದ ಹಣ ಎತ್ತಿದೆ. ಆಗಿನಿಂದ ಹಣ ಕೊಟ್ಟವರು, ಕೊಡದವರು, ತಾವೂ ಹೀಗೆ ಎತ್ತಬೇಕೆಂದಿರುವವರು ಒಂದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ವಾಯ್ಸ್ ನೋಟ್ ಕಳಿಸಿ ಸಾಕಾಯಿತು.

ಬಸ್ಸು, ರೈಲು ಎಲ್ಲಾ ನಿಮಗೆ ಫ್ರೀ ಅಲ್ವಾ? ಮತ್ತೆ ದುಡ್ಡು ಯಾಕೆ?

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಕರ್ನಾಟಕದ ಎಲ್ಲ ಹೆಂಗಸರಿಗೂ, ಟ್ರಾನ್ಸ್‌ಜೆಂಡರ್ ಜನರಿಗೂ ಟಿಕೆಟ್ ಉಚಿತ. ನನಗೂ ಉಚಿತ. ಹತ್ತೋಕೆ ಮಾತ್ರ ಮೆಟ್ಟಿಲಿದೆ, ಬಾಗಿಲಿನ ನಡುವೆ ಒಂದು ಕಂಬವಿದೆ. ಹತ್ತಲಾಗದ ಬಸ್ಸಿನ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡಲಿ?

ರೈಲಿನ ರಿಯಾಯಿತಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸಹಾಯಕರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ಸ್ಲೀಪರ್‌ನಲ್ಲೂ ತ್ರೀ ಟೈರ್ ಎಸಿಯಲ್ಲೂ ಶೇ 75, ಟೂ ಟೈರ್ ಎಸಿಯಲ್ಲಿ ಶೇ 50 ರಿಯಾಯಿತಿ ಇದೆ. ರಾಜಧಾನಿ, ಶತಾಬ್ದಿಗಳಲ್ಲಿ ಕಡಿಮೆ. ಜೊತೆಗೆ ಬರುವ ಒಬ್ಬ ಸಹಾಯಕರಿಗೂ ಅಷ್ಟೇ ರಿಯಾಯಿತಿ. ಇದಕ್ಕೆ ರೈಲ್ವೆಯವರ ಬೇರೆಯೇ ಕಾರ್ಡ್ ಮಾಡಿಸಬೇಕು. ದಾವಣಗೆರೆ ಮೈಸೂರು ವಿಭಾಗಕ್ಕೆ ಸೇರಿದ್ದು, ನನ್ನದು ಅಲ್ಲಿಂದಲೇ ಆಯಿತು.

ಸಹಾಯಕರು ರಕ್ತಸಂಬಂಧಿಯೇ ಆಗಿರಬೇಕು ಅಂತ ಟಿಕೆಟ್ ಕೌಂಟರಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಹೆಸರು, ನನ್ನ ಸಂಗಾತಿಯ ಹೆಸರು ಒಂದರ ಕೆಳಗೊಂದು ಅಚ್ಚಾದ ಮೊದಲ ಸರ್ಕಾರಿ ಕಾಗದ ಆ ಟಿಕೆಟ್. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಶಾಯಿ ಮಾಸುತ್ತಾ ಬಂದಿದೆ.

ಒಬ್ಬರು ಹೋಗಿ ಬರೋಕೆ 1,15,000 ರೂಪಾಯಿನಾ?

ಒಬ್ಬರಲ್ಲ, ಇಬ್ಬರು. ಲೆಕ್ಕ ಇಲ್ಲಿದೆ. ಬೆಂಗಳೂರು, ದೆಹಲಿ, ಕಾಠ್ಮಂಡು ವಿಮಾನ, ಹೋಗಿ ಬರುವುದು, ಇಬ್ಬರಿಗೆ 52,000. ನಾಲ್ಕು ರಾತ್ರಿ ಕೋಣೆ 18,000. ಕುರ್ಚಿ ಹಿಡಿಯುವಷ್ಟು ದೊಡ್ಡ ಟ್ಯಾಕ್ಸಿಗಳಿಗೆ 14,000. ಏಳು ದಿನದ ಸಹಾಯಕರ ಕೂಲಿ 8,400. ಊಟ 8,000. ವಿಮೆ 3,000. ಡೈಪರ್, ಔಷಧಿ, ಸಣ್ಣಪುಟ್ಟದ್ದು 1,600. ಕುರ್ಚಿ ಮುರಿದರೆ ಅಂತ 10,000.

ಅದೇ ಸಮ್ಮೇಳನಕ್ಕೆ ಬಂದ, ನಡೆಯಬಲ್ಲ ನನ್ನ ಗೆಳೆಯನಿಗೆ ಒಟ್ಟು 39,000 ಆಯಿತು. ಅವನು ಕೋಣೆ ಹಂಚಿಕೊಂಡ, ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಹೋದ, ಹಸಿವಾದಾಗ ರಸ್ತೆ ದಾಟಿ ಮೋಮೊ ತಿಂದು ಬಂದ. ನನಗೆ ಹತ್ತಿರ ಹತ್ತಿರ ಮೂರು ಪಟ್ಟು. ಇದರಲ್ಲಿ ಐಷಾರಾಮ ಹುಡುಕುವವರು ಡೈಪರ್ ಇರುವ ಸಾಲನ್ನು ಇನ್ನೊಮ್ಮೆ ಓದಿ. ವಿಮಾನದ ಶೌಚಾಲಯದೊಳಗೆ ನಾನು ಹೋಗಲಾರೆ. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ನಿಲ್ಲಿಸುತ್ತೇನೆ.

ಮನೆಯವರೇ ಕರ್ಕೊಂಡು ಹೋಗಬಹುದಿತ್ತಲ್ವಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ.

ಮೂವತ್ತೈದು ವರ್ಷ ನನ್ನನ್ನು ಎತ್ತಿ ಇಳಿಸಿದ್ದು ನನ್ನ ಅಣ್ಣ. ಶಾಲೆಗೆ, ಆಸ್ಪತ್ರೆಗೆ, ಮದುವೆ ಮನೆಗಳಿಗೆ. ಅವನ ಬಗ್ಗೆ ನನಗೆ ದೂರಿಲ್ಲ. ಆದರೆ ಒಮ್ಮೆ ಯೋಚಿಸಿ. ಅಣ್ಣ ಎತ್ತಿಕೊಂಡು ಹೋದ ಕಡೆ ಮಾತ್ರ ನಾನು ಹೋಗಬಹುದು. ಅಣ್ಣನ ಮುಂದೆ ಆಡಬಹುದಾದ ಮಾತನ್ನು ಮಾತ್ರ ಆಡಬಹುದು. ಬೆಂಗಳೂರಿನ ನಮ್ಮ ಕ್ವಿಯರ್ ಜನರ ಪ್ರೈಡ್ ಮೆರವಣಿಗೆ 2008ರಿಂದ ನಡೆಯುತ್ತಿದೆ. ನಾನು ಮೊದಲ ಸಲ ಹೋಗಿದ್ದು 2022ರಲ್ಲಿ. ಅಷ್ಟು ವರ್ಷ ಬಸ್ ಇರಲಿಲ್ಲವೆಂದಲ್ಲ. ಅಣ್ಣನಿಗೆ ಏನು ಹೇಳಿ ಹೊರಡಲಿ ಅಂತ ಗೊತ್ತಿರಲಿಲ್ಲ. ನಡೆಯಬಲ್ಲ ಹುಡುಗಿಯೊಬ್ಬಳು "ಗೆಳತಿ ಮದುವೆ" ಅಂತ ಸುಳ್ಳು ಹೇಳಿ ಮೆಜೆಸ್ಟಿಕ್‌ನಲ್ಲಿ ಇಳಿದುಬಿಡಬಹುದು. ನನ್ನ ಸುಳ್ಳನ್ನು ತಳ್ಳಿಕೊಂಡು ಬರುವವನೇ ಅಣ್ಣ.

ಆದ್ದರಿಂದ ಜೊತೆಗೆ ಬರುವವರನ್ನು ನಾನೇ ಆರಿಸಬೇಕು. ಆರಿಸಬೇಕೆಂದರೆ ಆ ಖರ್ಚು ನನ್ನ ಕೈಯಲ್ಲಿರಬೇಕು. ಚಂದಾ ಎತ್ತಿದ್ದು ಮುಖ್ಯವಾಗಿ ಇದಕ್ಕೆ. ವಿಮಾನದ ಟಿಕೆಟ್ ಆಮೇಲಿನ ಮಾತು.

ಜೊತೆಗೆ ಬಂದದ್ದು ನಿಮ್ಮ ಗೆಳತಿಯಂತೆ. ಅವರ ಟಿಕೆಟ್ಟಿಗೂ, ಕೂಲಿಗೂ ನಾವು ಕೊಡಬೇಕಾ?

ಹೌದು, ಬಂದದ್ದು ಅವಳೇ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ರಜೆ ಹಾಕಿದರೆ ಸಂಬಳ ಕಟ್. ಕಾಠ್ಮಂಡುವಿನಲ್ಲಿ ಒಂದು ದಿನ ಸುಮ್ನೆ ಎಣಿಸಿದೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಮತ್ತೆ ಕುರ್ಚಿಗೆ, ಸ್ನಾನದ ಸ್ಟೂಲಿಗೆ, ಟ್ಯಾಕ್ಸಿಗೆ, ಟ್ಯಾಕ್ಸಿಯಿಂದ. ರಾತ್ರಿ ಮಲಗುವ ಹೊತ್ತಿಗೆ ಹದಿನಾಲ್ಕು ಸಲ ಎತ್ತಿದ್ದಳು. ನನ್ನ ತೂಕ 51 ಕೆಜಿ. ಬಾಡಿಗೆ ಸಹಾಯಕಿಯನ್ನು ಕರೆದೊಯ್ದಿದ್ದರೂ ಟಿಕೆಟ್, ಊಟ, ಕೂಲಿ ಅಷ್ಟೇ ಆಗುತ್ತಿತ್ತು. ಆಗ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ.

ಒಂದು ಸಂಜೆ ಇಬ್ಬರೂ ಬೌದ್ಧನಾಥ ಸ್ತೂಪದ ಸುತ್ತ ಹೋಗಿ ಬಂದೆವು. ಅದಕ್ಕೆ ಸಹಾಯಕರ ಕೂಲಿಯಲ್ಲಿ ಎಷ್ಟು ಕಡಿತ ಮಾಡಬೇಕು ಅಂತ ಯಾರಾದರೂ ಲೆಕ್ಕ ಹಾಕಿ ಹೇಳಿ.

ಕಾಠ್ಮಂಡುವೇ ಯಾಕೆ? ಆನ್‌ಲೈನ್‌ನಲ್ಲಿ ಸೇರಬಹುದಿತ್ತಲ್ಲ?

ಸೇರಬಹುದಿತ್ತು. ವರ್ಷವಿಡೀ ಸೇರುತ್ತಲೇ ಇರುತ್ತೇನೆ. ಆದರೆ ನನ್ನಂಥವರನ್ನು ಸದಾ ಆನ್‌ಲೈನ್‌ನಲ್ಲೇ ಇರಿಸಿದರೆ ಸಭಾಂಗಣದ ಮೆಟ್ಟಿಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಸಲಿಂಗ ಜೋಡಿಗಳ ಮದುವೆಗೂ ಮಾನ್ಯತೆ ಕೊಡಿ ಅಂತ ಕೇಳಿದ ಮದುವೆ ಸಮಾನತೆ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಆಗುವುದಿಲ್ಲ ಎಂದಿತು. ಅದೇ ನವೆಂಬರಿನಲ್ಲಿ ನೇಪಾಳದ ಲಮ್‌ಜುಂಗ್ ಜಿಲ್ಲೆಯಲ್ಲಿ ಒಂದು ಕ್ವಿಯರ್ ಜೋಡಿಯ ಮದುವೆ ನೋಂದಣಿಯಾಯಿತು. ಪಕ್ಕದ ಮನೆಯಲ್ಲಿ ಇದು ಹೇಗೆ ಸಾಧ್ಯವಾಯಿತು ಅಂತ ನೋಡುವ ಆಸೆ ಇತ್ತು.

ದುಡ್ಡು ಕೇಳೋಕೆ ನಾಚಿಕೆ ಆಗಲ್ವಾ? ಹೇಗೆ ಕೇಳಿದ್ರಿ?

ಆಯಿತು. ಮೊದಲ ಮೆಸೇಜು ಬರೆದು ಎರಡು ವಾರ ಡ್ರಾಫ್ಟಿನಲ್ಲೇ ಇಟ್ಟಿದ್ದೆ. ಆಮೇಲೆ ಒಂದು ದಿನ ಅಮ್ಮನ ಟ್ರಂಕಿನಲ್ಲಿ ಅಣ್ಣನ ಮದುವೆಯ ಮುಯ್ಯಿ ಪುಸ್ತಕ ಸಿಕ್ಕಿತು. ಯಾರು 51, ಯಾರು 101, ಯಾರು ಸ್ಟೀಲ್ ಕೊಡ ಅಂತ ಸಾಲಾಗಿ ಬರೆದಿದ್ದಾರೆ. ಅವರವರ ಮನೆ ಮದುವೆಗೆ ಅಷ್ಟಕ್ಕಿಂತ ಒಂದು ರೂಪಾಯಿ ಜಾಸ್ತಿ ವಾಪಸ್ ಹೋಗಬೇಕು. ನಾನೂ ಹದಿನೈದು ವರ್ಷದಿಂದ ನನ್ನ ದುಡಿಮೆಯಲ್ಲಿ ಎಲ್ಲರ ಮದುವೆಗೂ ಮುಯ್ಯಿ ಹಾಕಿದ್ದೇನೆ, ಹೋಗಲಾಗದ ಮದುವೆಗಳಿಗೂ ಕಳಿಸಿದ್ದೇನೆ. ನನ್ನ ಮದುವೆ ಅಂತೂ ಆಗುವ ಹಾಗಿಲ್ಲ. ಅಂದರೆ ನನ್ನ ಮುಯ್ಯಿ ಎಂದೂ ವಾಪಸ್ ಬರುವುದಿಲ್ಲ!

ಕಳಿಸಿದ ಮೆಸೇಜು ಹೀಗಿತ್ತು: "ನಾನು ಸಮ್ಮೇಳನಕ್ಕೆ ಕಾಠ್ಮಂಡುವಿಗೆ ಹೋಗಬೇಕು. ಜೊತೆಗೆ ಒಬ್ಬರು ಬೇಕು. ಲೆಕ್ಕ ಕೆಳಗಿದೆ. ನಾನು ಹಾಕಿದ ಮುಯ್ಯಿ ನಿಮ್ಮ ಪುಸ್ತಕದಲ್ಲಿದ್ದರೆ ಈಗ ತೀರಿಸಬಹುದು. ಇಲ್ಲದಿದ್ದರೆ ಹೊಸದಾಗಿ ಶುರು ಮಾಡಬಹುದು." ಹತ್ತು ನಿಮಿಷದಲ್ಲಿ ಹೈಸ್ಕೂಲಿನ ಗೆಳತಿಯೊಬ್ಬಳಿಂದ 501 ಬಂತು. ಯುಪಿಐ ಟಿಪ್ಪಣಿಯಲ್ಲಿ "ಮುಯ್ಯಿ" ಅಂತಷ್ಟೇ ಬರೆದಿದ್ದಳು.

ಫೋಟೊ ಹಾಕಬೇಕಾ?

ಹಾಕಿದರೆ ಹಣ ಬೇಗ ಬರುತ್ತದೆ. ನಾನು ಕಾಲಿನ ಫೋಟೊ ಹಾಕಲಿಲ್ಲ, ಕುರ್ಚಿಯದ್ದು ಹಾಕಿದೆ. ಅಳು ಬರಿಸುವ ಸಂಗೀತ ಇಟ್ಟು ವಿಡಿಯೊ ಮಾಡಿಕೊಡುತ್ತೇನೆ ಅಂತ ಒಬ್ಬರು ಮುಂದೆ ಬಂದರು. ಬೇಡ ಎಂದೆ. ಆಮೇಲೆ ಆ ಜನರ ಮುಂದೆಯೇ ಹೋಗಿ ಹಕ್ಕಿನ ಮಾತಾಡಬೇಕಲ್ಲ.

ಚಂದಾ ಎತ್ತಿದ್ರೆ ನಾನು ಕ್ವಿಯರ್ ಅಂತ ಮನೆಯವರಿಗೆ ಗೊತ್ತಾಗಲ್ವಾ?

ಗೊತ್ತಾಗುತ್ತದೆ ಅಂತಲೇ ಅಂದುಕೊಂಡು ಶುರು ಮಾಡಿ.

ನಾನು ಜಾಣತನ ಮಾಡಿ ಎರಡು ಮೆಸೇಜು ಬರೆದಿದ್ದೆ. ನೆಂಟರಿಗೆ ಕಳಿಸಿದ್ದರಲ್ಲಿ ಬರೀ "ಸಮ್ಮೇಳನ". ಗೆಳೆಯರಿಗೆ ಕಳಿಸಿದ್ದರಲ್ಲಿ "ಕ್ವಿಯರ್ ಸಮ್ಮೇಳನ". ಮೂರನೇ ದಿನಕ್ಕೆ ಎರಡನೆಯದರ ಸ್ಕ್ರೀನ್‌ಶಾಟ್ ಹರಿಹರದ ಚಿಕ್ಕಮ್ಮನ ಫೋನಿಗೆ ತಲುಪಿತ್ತು. ಚಿಕ್ಕಮ್ಮ ಫೋನ್ ಮಾಡಿದಳು. ನನ್ನ ಕೈ ತಣ್ಣಗಾಯಿತು. "ನೇಪಾಳಕ್ಕೆ ಹೊಂಟೀಯಂತಲ್ಲವಾ. ಕ್ಯೂರ್ ಅಂತ ಬರೆದೈತಿ. ಅಲ್ಲಿ ಕಾಲಿಗೆ ಔಷಧಿ ಕೊಡ್ತಾರಂತೇನು? ಚಲೋ ಆತು ಬಿಡು." ಅರ್ಧ ಗಂಟೆಯಲ್ಲಿ ಸಾವಿರ ರೂಪಾಯಿ ಹಾಕಿದಳು.

ಆ ಸಾವಿರವನ್ನು ಮುಟ್ಟಲಿಲ್ಲ. ವಾಪಸ್ ಬಂದ ಮೇಲೆ ಹರಿಹರಕ್ಕೆ ಹೋಗಿ ವಿಷಯ ಹೇಳಿ ಹಣ ಮುಂದಿಟ್ಟೆ. ಮೂರು ವಾರ ಮಾತು ಬಿಟ್ಟಳು. ಆಮೇಲೆ ಫೋನ್ ಮಾಡಿ ಪಶುಪತಿನಾಥನ ಪ್ರಸಾದ ತಂದಿದ್ದೀಯಾ ಅಂತ ಕೇಳಿದಳು. ಹಣ ಮಾತ್ರ ಇಂದಿಗೂ ತಗೊಂಡಿಲ್ಲ. ಅಣ್ಣನಿಗೆ ಹೇಳಿದ್ದು ಬೇರೆಯೇ ಕತೆ, ಅದು ಇಲ್ಲಿ ಬೇಡ.

ಮನೆಯಲ್ಲಿ ಹೊಡೆತ, ಬಂಧನದ ಭಯ ಇರುವವರು, ಅದರಲ್ಲೂ ಔಷಧಿ ಊಟಕ್ಕೆ ಮನೆಯವರನ್ನೇ ನಂಬಿರುವವರು, ನಿಮ್ಮ ಹೆಸರಲ್ಲಿ ಎತ್ತಬೇಡಿ. ನಂಬಿಕೆಯ ಒಬ್ಬರು ಅವರ ಹೆಸರಲ್ಲಿ ಎತ್ತಲಿ. ನಿಮ್ಮ ಹೆಸರು, ಊರು, ಹೋಗುವ ದಿನಾಂಕ ಯಾವುದೂ ಅದರಲ್ಲಿ ಬೇಡ.

ಯುಪಿಐ ಒಳ್ಳೇದಾ, ಕ್ರೌಡ್‌ಫಂಡಿಂಗ್ ತಾಣ ಒಳ್ಳೇದಾ?

ಪರಿಚಯದವರೇ ಕೊಡುವುದಾದರೆ ಯುಪಿಐ ಸಾಕು. ಮಿಲಾಪ್, ಕೆಟ್ಟೊ ಥರದ ತಾಣಗಳು ಅಪರಿಚಿತರನ್ನು ತಲುಪಿಸುತ್ತವೆ, ಆದರೆ ಅಲ್ಲಿ ದಾಖಲೆ ಕೊಡಬೇಕು, ಪುಟ ಎಲ್ಲರಿಗೂ ಕಾಣುತ್ತದೆ. ಹಣ ಹಾಕುವ ಮುಂಚೆ ಪಾವತಿ ಶುಲ್ಕ, ತಾಣದವರು ತಮಗೆಂದು ಕೇಳುವ "ಟಿಪ್" ಏನೇನಿದೆ ಅಂತ ನೋಡಿ. ಗೋಫಂಡ್‌ಮಿಯಿಂದ ಭಾರತದ ಖಾತೆಗೆ ಹಣ ಪಡೆಯಲಾಗುವುದಿಲ್ಲ.

ಹಣಕ್ಕೆ ಬೇರೆ ಖಾತೆ ತೆರೆಯಿರಿ. ಸಂಗಾತಿ ಜೊತೆ ಜಂಟಿ ಖಾತೆ ತೆರೆಯಲು ಕ್ವಿಯರ್ ಜನರಿಗೆ ಯಾವ ಅಡ್ಡಿಯೂ ಇಲ್ಲ ಅಂತ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿದೆ. ಬ್ಯಾಂಕಿಗೆ ಹೋಗುವಾಗ ಅದರ ಪ್ರತಿ ಒಯ್ಯಿರಿ.

ತೆರಿಗೆ ಕಟ್ಟಬೇಕಾ? ಕೊಟ್ಟವರಿಗೆ 80ಜಿ ಸಿಗುತ್ತಾ?

80ಜಿ ಅಂದರೆ ದಾನ ಕೊಟ್ಟವರಿಗೆ ಸಿಗುವ ತೆರಿಗೆ ರಿಯಾಯಿತಿ. ವ್ಯಕ್ತಿಗೆ ಕೊಟ್ಟ ಹಣಕ್ಕೆ ಅದು ಇಲ್ಲ. ಪಡೆದವರ ವಿಷಯ: ಸಂಬಂಧಿಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ ಹಣ ಒಟ್ಟು 50,000 ದಾಟಿದರೆ, ದಾಟಿದ ಭಾಗ ಮಾತ್ರವಲ್ಲ, ಅಷ್ಟೂ ಆದಾಯಕ್ಕೆ ಸೇರುತ್ತದೆ. ನನ್ನಂಥವರ ದುಡಿಮೆಗೆ ತೆರಿಗೆ ಬೀಳಲಿಕ್ಕಿಲ್ಲ. ಆದರೂ ರಿಟರ್ನ್‌ನಲ್ಲಿ ತೋರಿಸಿ. ಕಾನೂನಿನಲ್ಲಿ "ಸಂಬಂಧಿ" ಪಟ್ಟಿಯಲ್ಲಿ ಗಂಡ ಹೆಂಡತಿ ಇದ್ದಾರೆ, ನಮ್ಮ ಥರದ ಸಂಗಾತಿ ಇಲ್ಲ. ಅವಳು ನನಗೆ ಕೊಟ್ಟದ್ದೂ ಈ 50,000ದ ಲೆಕ್ಕಕ್ಕೇ ಬರುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಕೊಡಬಹುದಾ?

ಅವರ ಪಾಸ್‌ಪೋರ್ಟ್ ಯಾವುದು ಅಂತ ಮೊದಲು ಕೇಳಿ. ಭಾರತದ ಪಾಸ್‌ಪೋರ್ಟೇ ಇದ್ದು, ತಮ್ಮ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಮಂಡ್ಯದಲ್ಲೇ ಹುಟ್ಟಿದ್ದರೂ, ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಲೆಕ್ಕದಲ್ಲಿ ಅವರು ವಿದೇಶಿ ಮೂಲ. ನ್ಯೂಜೆರ್ಸಿಯ ಒಬ್ಬ ಮಹನೀಯರು 25,000 ಕಳಿಸುತ್ತೇನೆ ಎಂದರು. ಪಾಸ್‌ಪೋರ್ಟ್ ಕೇಳಿದ್ದಕ್ಕೆ ಬೇಸರ ಮಾಡಿಕೊಂಡರು. ಅಷ್ಟು ದೊಡ್ಡ ಮೊತ್ತ ಬಿಡುವುದಕ್ಕೆ ನನಗೂ ಸಂಕಟವಾಯಿತು. ಆದರೂ ಬಿಟ್ಟೆ.

ಸಮ್ಮೇಳನದವರೇ ಸ್ಕಾಲರ್‌ಶಿಪ್ ಕೊಡ್ತಾರಲ್ಲ?

ಕೊಡುತ್ತಾರೆ, ಒಬ್ಬರಿಗೆ. ಅದೂ ಅರ್ಜಿಯ ದಿನಾಂಕ ಮುಗಿದ ಮೇಲೆ ನನಗೆ ಗೊತ್ತಾಗಿತ್ತು. ಆದರೂ ಸುಮ್ಮನಿರಬೇಡಿ. "ನನ್ನ ಜೊತೆ ಬರುವವರು ಅತಿಥಿಯಲ್ಲ, ನನ್ನ ಕಾಲು. ಅವರಿಗೆ ನೋಂದಣಿ ಶುಲ್ಕ ಬೇಡ, ಕೋಣೆಯ ಖರ್ಚು ನೀವು ನೋಡಿಕೊಳ್ಳಿ" ಅಂತ ಮೇಲ್ ಬರೆದೆ. ಎರಡನ್ನೂ ಒಪ್ಪಿ ಹೋಟೆಲಿಗೆ ಅವರೇ ಹಣ ಕಟ್ಟಿದರು. ನನ್ನ ಗುರಿ 97,000ಕ್ಕೆ ಇಳಿಯಿತು. ಒಂದು ಮೇಲ್‌ಗೆ 18,000. ಡಿಟಿಪಿಯಲ್ಲಿ ಇಷ್ಟು ದುಡಿಯಲು ಎಷ್ಟು ಪುಟ ಹೊಡೆಯಬೇಕು!

ವಿಮಾನದವರು ಹತ್ತಿಸಿಕೊಳ್ಳಲ್ಲ ಅಂದ್ರೆ?

2012ರಲ್ಲಿ ಅಂಗವಿಕಲರ ಹಕ್ಕಿನ ಹೋರಾಟಗಾರ್ತಿ ಜೀಜಾ ಘೋಷ್ ಅವರಿಗೆ ಹಾಗೇ ಆಗಿತ್ತು. ಅವರಿಗೆ ಸೆರೆಬ್ರಲ್ ಪಾಲ್ಸಿ ಇದೆ. ಕೋಲ್ಕತ್ತದಿಂದ ಗೋವಾಕ್ಕೆ ಒಂದು ಸಮ್ಮೇಳನಕ್ಕೆ ಹೊರಟಿದ್ದರು. ಸೀಟಿನಲ್ಲಿ ಕೂತವರನ್ನು ಇಳಿಸಿಬಿಟ್ಟರು. ಸಮ್ಮೇಳನ ತಪ್ಪಿತು. ಅವರು ಬಿಡದೆ ಕೋರ್ಟಿಗೆ ಹೋದರು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ಪರಿಹಾರ ಕೊಡಿಸಿತು. ವಿಮಾನ ಹತ್ತುವಾಗ ನಾನು ಪ್ರತಿ ಸಲ ಅವರನ್ನು ನೆನೆಯುತ್ತೇನೆ.

ಅಂಗವೈಕಲ್ಯದ ಕಾರಣಕ್ಕೇ ಹತ್ತಿಸಿಕೊಳ್ಳುವುದಿಲ್ಲ ಅನ್ನುವಂತಿಲ್ಲ ಅಂತ ವಿಮಾನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮವಿದೆ. ನಿಮ್ಮ ಗಾಲಿಕುರ್ಚಿಗೆ ಲಗೇಜ್ ಹಣ ಇಲ್ಲ. 48 ಗಂಟೆ ಮುಂಚೆ ತಿಳಿಸಿ, ಲಿಖಿತವಾಗಿ ತಿಳಿಸಿ. ಬುಕ್ ಮಾಡುವಾಗ ಬರೀ "ವೀಲ್‌ಚೇರ್ ಬೇಕು" ಎಂದರೆ ಸಾಲದು. ಅದಕ್ಕೆ ಕೋಡ್‌ಗಳಿವೆ: ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯೂ-ಸಿ-ಎಚ್-ಆರ್, ಮೆಟ್ಟಿಲು ಆಗದು ಆದರೆ ಒಳಗೆ ನಾಲ್ಕು ಹೆಜ್ಜೆ ಇಡಬಲ್ಲವರಿಗೆ ಕೊನೆಯ ಅಕ್ಷರ ಎಸ್, ನನ್ನ ಹಾಗೆ ಸೀಟಿನವರೆಗೂ ಎತ್ತಬೇಕಾದವರಿಗೆ ಸಿ. ಈ ಒಂದು ಅಕ್ಷರ ತಪ್ಪಿದರೆ ವಿಮಾನದೊಳಗೆ ಸೀಟಿನವರೆಗೆ ಹೋಗುವ ಸಣ್ಣ ಕುರ್ಚಿ ಬರುವುದಿಲ್ಲ, ಇಬ್ಬರು ಹುಡುಗರು ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ.

ಬ್ಯಾಟರಿ ಕುರ್ಚಿ ಇರುವವರು ಬ್ಯಾಟರಿಯ ಮೇಲಿನ ವ್ಯಾಟ್-ಅವರ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬಿಚ್ಚಿ ಕ್ಯಾಬಿನ್‌ಗೆ ಒಯ್ಯುವ ಲಿಥಿಯಂ ಬ್ಯಾಟರಿ ಒಂದೇ ಆದರೆ 300ರವರೆಗೆ, ಎರಡಾದರೆ ತಲಾ 160ರವರೆಗೆ.

ಇಷ್ಟೆಲ್ಲ ಮಾಡಿಯೂ ನನ್ನ ಕುರ್ಚಿ ಕಾಠ್ಮಂಡುವಿನ ಬೆಲ್ಟಿನ ಮೇಲೆ ಬಂದಾಗ ಎಡಗಾಲಿನ ಫುಟ್‌ರೆಸ್ಟ್ ನೇತಾಡುತ್ತಿತ್ತು. ದೂರು ಬರೆಸಿಕೊಂಡರು, ಅಷ್ಟೇ. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಸೈಕಲ್ ರಿಪೇರಿಯವನೊಬ್ಬ ಬೆಸುಗೆ ಹಾಕಿಕೊಟ್ಟ. 480 ನೇಪಾಳಿ ರೂಪಾಯಿ, ನಮ್ಮ 300. ಈಗಲೂ ಗಟ್ಟಿಯಾಗಿದೆ.

ದಾಖಲೆ ಏನೇನು ಬೇಕು?

ನೇಪಾಳಕ್ಕೆ ನಮಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕೇ ಬೇಕು. 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ನಡೆಯುವುದಿಲ್ಲ. ಟ್ರಾನ್ಸ್ ಗೆಳೆಯರೇ, ಟಿಕೆಟ್ಟಿನ ಹೆಸರು ಈ ಎರಡರಲ್ಲೊಂದರ ಹೆಸರಿಗೆ ಸರಿಯಾಗಿ ಹೊಂದಬೇಕು. ಹೆಸರು ಬದಲಾಯಿಸುವ ಖರ್ಚನ್ನೂ ಪ್ರಯಾಣದ ಬಜೆಟ್ಟಿನಲ್ಲೇ ಹಾಕಿ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಕೈಗೆ ಸಿಗುವಂತಿರಲಿ.

"ಅಕ್ಸೆಸಿಬಲ್ ರೂಮ್" ಅಂತ ಹೋಟೆಲಿನವರು ಹೇಳಿದ್ರೆ ನಂಬಬಹುದಾ?

ಬೇಡ. ಟೇಪ್ ಹಿಡಿದು ಬಚ್ಚಲ ಬಾಗಿಲ ಅಗಲ ಅಳೆದು ಫೋಟೊ ಕಳಿಸಿ ಅನ್ನಿ. ನನ್ನ ಕುರ್ಚಿ 25 ಇಂಚು. ಒಬ್ಬರು "ತುಂಬಾ ದೊಡ್ಡ ಬಾಗಿಲು ಮೇಡಂ" ಎಂದರು. ಫೋಟೊದಲ್ಲಿ 22 ಇತ್ತು.

ಇದೆಲ್ಲ ಸರ್ಕಾರ ಮಾಡಬೇಕಲ್ವಾ?

ಮಾಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬಸ್ಸು, ರೈಲು, ನಿಲ್ದಾಣ ಎಲ್ಲ ಬರೆದಿದೆ. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯ ಹಾಗಿದ್ದರೆ ಆಗದು, ಕಡ್ಡಾಯ ಮಾಡಿ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿತು. ಆ ದಿನ ನಾನು ಚಂದಾದ ಎಕ್ಸೆಲ್ ಶೀಟ್ ತುಂಬುತ್ತಾ ಕೂತಿದ್ದೆ.

ಹಣ ಉಳಿಯಿತಾ?

ಬಂದದ್ದು 99,300, ಚಿಕ್ಕಮ್ಮನ ಸಾವಿರ ಬಿಟ್ಟು. ಖರ್ಚು 87,300. ರಿಪೇರಿಗೆ ಅಂತ ಇಟ್ಟ 10,000ದಲ್ಲಿ 300 ಮಾತ್ರ ಹೋಯಿತಲ್ಲ. ಉಳಿದ 12,000 ಏನು ಮಾಡಲಿ ಅಂತ ಕೊಟ್ಟವರನ್ನೇ ಕೇಳಿದೆ. ಗದಗದ ಒಬ್ಬರು ಪ್ರೈಡ್‌ಗೆ ಬೆಂಗಳೂರಿಗೆ ಬರಬೇಕಿತ್ತು, ಅವರ ಟ್ಯಾಕ್ಸಿಗೂ ಸಹಾಯಕರಿಗೂ ಹೋಯಿತು. ರಸೀದಿಗಳ ಫೋಟೊ ಎಲ್ಲರಿಗೂ ಕಳಿಸಿದ್ದೇನೆ. ನೋಡಿದವರು ಏಳು ಜನ.

ನನ್ನ ಹತ್ರ ದುಡ್ಡಿಲ್ಲ. ಬೇರೇನು ಮಾಡಬಹುದು?

ದಾವಣಗೆರೆ ಸ್ಟೇಷನ್ನಿಗೆ ಬೆಳಗಿನ ಜಾವ ಬರಬಲ್ಲಿರಾ? ಅಂಗವಿಕಲರ ಬೋಗಿ ರೈಲಿನ ತುದಿಯಲ್ಲಿರುತ್ತದೆ, ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು. ಎಷ್ಟೋ ಸಲ ಒಳಗಿನಿಂದ ಚಿಲಕ ಹಾಕಿರುತ್ತಾರೆ. ಒಬ್ಬರು ಮುಂಚೆ ಹೋಗಿ ಬಾಗಿಲು ಬಡಿಯಬೇಕು, ಇಬ್ಬರು ಕುರ್ಚಿ ಎತ್ತಬೇಕು. ನನ್ನ ಸಂಗಾತಿ ಬ್ಯಾಗು ಹಿಡಿಯುತ್ತಾಳೆ. ಎತ್ತುವಾಗ ಫುಟ್‌ರೆಸ್ಟ್ ಹಿಡಿಯಬೇಡಿ, ಚೌಕಟ್ಟು ಹಿಡಿಯಿರಿ.